ತಪ್ತಪೀಠಾರೋಹಣ

ಆ ಮಂಗಳವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಬಲಗೈಯಲ್ಲಿ ಸ್ಕ್ರೂಡ್ರೈವರ್ ಎತ್ತಿ ಹಿಡಿದು ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. "ದೇವರೇ, ನಮ್ಮ ಬೈಕಿನ ಹಿಂದಿನ ಸೀಟನ್ನು ಬಿಸಿ ಮಾಡುವ ಆ ಹಾಳು ಸ್ವಿಚ್ಚನ್ನು ನಾನೇ ಬಿಚ್ಚುತ್ತೇನೆ. ಹೊಸತನ್ನು ನಾನೇ ಹಾಕುತ್ತೇನೆ. ಗಂಡಸರ ಒಂದು ಬೆರಳೂ ತಾಗಲು ಬಿಡುವುದಿಲ್ಲ. ಇದನ್ನು ಮಾಡದಿದ್ದರೆ ನನ್ನ ಹೆಸರು ಶರ್ಮಿಳಾ ಅಲ್ಲ!"

ದೇವರು ಏನೂ ಹೇಳಲಿಲ್ಲ. ಒಳ್ಳೆಯವರು ಹಾಗೆಯೇ. ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಾರೆ. ನಾನೂ ಆ ಜಾತಿಯವಳೇ. ಯಾರ ಸೊಸೆ ಸರಿಯಿಲ್ಲ, ಯಾರ ದನ ಹಾಲು ಕೊಡುವುದಿಲ್ಲ, ಯಾರಿಗೆ ಯಾವ ಮಾತ್ರೆ ಹಿಡಿಸುವುದಿಲ್ಲ ಎಂಬುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದವಳು. ಊರಿನವರ ಕಷ್ಟಕ್ಕೆಲ್ಲ ಕಿವಿಯಾದ ನನಗೆ ಒಂದು ಕಷ್ಟ ಬಂದಾಗ ಒಂದು ಕಿವಿಯೂ ಸಿಗಲಿಲ್ಲ ಎಂಬುದೇ ಈ ಕಥೆಯ ಮೂಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆಗಂತೂ ನಿಜವಾಗಿಯೇ ಉರಿಯುತ್ತಿತ್ತು!

ಬೈಕಿನ ಸೀಟನ್ನು ಯಾರಾದರೂ ಬಿಸಿ ಮಾಡುವುದುಂಟೇ ಎಂದು ನೀವು ಕೇಳಬಹುದು. ಅದೂ ನಮ್ಮ ಕಡಬದಲ್ಲಿ! ಇಲ್ಲಿ ಅಂಗಳದಲ್ಲಿಟ್ಟ ಹಪ್ಪಳ ಎಣ್ಣೆಯಿಲ್ಲದೆ ಅರಳುತ್ತದೆ. ಆದರೆ ಪುತ್ತೂರಿನ ಲತೀಶ್ ಎಂಬ ಪುಣ್ಯಾತ್ಮನಿಗೆ ಬೈಕಿನಲ್ಲಿ ಲಡಾಖಿಗೆ ಹೋಗುವ ಆಸೆ ಹುಟ್ಟಿತಂತೆ. ಅಲ್ಲಿ ಹಿಮ. ಕೂತಲ್ಲಿಯೇ ಮರಗಟ್ಟಿ ಹೋಗಬಾರದೆಂದು ಹಿಂದಿನ, ಮುಂದಿನ ಎರಡೂ ಸೀಟಿನೊಳಗೆ ಬಿಸಿಯಾಗುವ ತಂತಿ ಹಾಕಿಸಿದ. ಪೂಜೆ ಮಾಡಿಸಿ, ಹಾರ ಹಾಕಿಸಿಕೊಂಡು, ಎಲ್ಲರಿಗೂ ಕೈಬೀಸಿ ಹೊರಟವನು ಇಲ್ಲೇ ಘಾಟಿಯ ಬುಡದ ಗುಂಡ್ಯದವರೆಗೆ ಹೋಗಿ, ಹೋಟೆಲಿನಲ್ಲಿ ಚಾ ಕುಡಿದು, ಎದುರಿನ ಘಾಟಿಯನ್ನೊಮ್ಮೆ ನೋಡಿ, ಸೊಂಟ ನೋವೆಂದು ವಾಪಸು ಬಂದ. ಮರುವಾರ ಬೈಕು ಮಾರಾಟಕ್ಕಿತ್ತು.

ಅದನ್ನು ಕೊಂಡವರು ನಮ್ಮವರು. ಪ್ರಾಯ ಐವತ್ತೆರಡು. ಕೇಳಿದರೆ, "ನನ್ನ ಸೊಂಟನೋವಿಗೆ ಇದು ಶಾಖ ಕೊಟ್ಟ ಹಾಗೆ ಆಗ್ತದೆ ಮಾರಾಯ್ತಿ. ಔಷಧಿ ಎಂದು ತಿಳ್ಕೊ" ಎಂದರು. ಎರಡು ಕ್ವಿಂಟಾಲ್ ತೂಗುವ ಔಷಧಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆದರೂ ನಾನೇನು ಆ ಗಾಡಿಗೆ ಕಡಿಮೆ ಮಾಡಿದ್ದೇನೆಯೇ? ಆಯುಧಪೂಜೆಯ ದಿನ ಬೆಳಿಗ್ಗೆ ಎದ್ದು ಅದನ್ನು ಮಗುವಿನಂತೆ ತೊಳೆದವಳು ನಾನು. ಗಂಧ ತೇದು, ಹ್ಯಾಂಡಲಿಗೆ, ಮೀಟರಿಗೆ, ಚಕ್ರಕ್ಕೆ, ಕಂಡ ಕಂಡ ಗುಂಡಿಗಳಿಗೆಲ್ಲ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದವಳು ನಾನು. ಮೇಲೆ ಕುಂಕುಮ. ಅದರ ಮೇಲೆ ಬೊಗಸೆ ತುಂಬ ಅರಶಿನದ ಅಕ್ಷತೆ. ಇಡೀ ಕಡಬ ತಾಲೂಕಿನಲ್ಲಿ ಅಷ್ಟು ಪೂಜೆ ಕಂಡ ಬೈಕು ಇನ್ನೊಂದಿರಲಿಕ್ಕಿಲ್ಲ. ಇಷ್ಟೆಲ್ಲ ಮಾಡಿದ ನನ್ನನ್ನೇ ಅದು ಸುಟ್ಟಿತು! ಗಾಡಿಗಾದರೂ ಕೃತಜ್ಞತೆ ಬೇಡವೇ?

ಶುಕ್ರವಾರ ಸಂಜೆ ಕಡಬದಲ್ಲಿ ನಮ್ಮ ಭಜನಾ ಮಂಡಳಿ. ಮನೆಯಿಂದ ಹತ್ತು ಕಿಲೋಮೀಟರ್. ಪೂಜೆ ಕಳೆದ ಮೊದಲ ಶುಕ್ರವಾರ ಸೀರೆಯುಟ್ಟು, ಕೈಯಲ್ಲಿ ತಾಳ ಹಿಡಿದು, ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕಾಲು ಹಾಕಿ ಕೂತೆ. ಎರಡು ಕಿಲೋಮೀಟರಿಗೆ ಬೆಚ್ಚಗಾಯಿತು. ನಾಲ್ಕಕ್ಕೆ ಬಿಸಿಯಾಯಿತು. ಆರಕ್ಕೆ ನಾನು ಕಾವಲಿಯ ಮೇಲಿನ ದೋಸೆಯಂತೆ ಅತ್ತ ಇತ್ತ ಮಗುಚತೊಡಗಿದೆ.

"ಕೇಳಿತಾ? ಸೀಟು ಬಿಸಿ ಆಗ್ತಾ ಉಂಟು!"

"ಬಿಸಿಲು ಮಾರಾಯ್ತಿ," ಎಂದರು ಇವರು, ತಿರುಗಿಯೂ ನೋಡದೆ.

"ಎಂತ ಬಿಸಿಲು? ಮೋಡ ಉಂಟು!"

"ಮೋಡದ ಆಚೆ ಬಿಸಿಲು ಇಲ್ವಾ?"

ಕಡಬ ತಲುಪಿ ಇಳಿದು, "ಮುಟ್ಟಿ ನೋಡಿ" ಎಂದೆ. ಇವರು ಗಾಡಿ ನಿಲ್ಲಿಸಿ, ಕೀ ತೆಗೆದು, ಹೆಲ್ಮೆಟ್ ಕಳಚಿ, ತಲೆ ಬಾಚಿಕೊಂಡು, ಪರಿಚಯದವರೊಬ್ಬರೊಡನೆ ರಬ್ಬರಿನ ಧಾರಣೆ ಮಾತಾಡಿ ಬಂದು ಸೀಟಿನ ಮೇಲೆ ಕೈಯಿಟ್ಟರು. "ನೋಡು, ತಣ್ಣಗುಂಟು. ನಿನ್ನದೊಂದು!"

ಒಂದು ಮಾತು ಮಾತ್ರ ಹೇಳಬೇಕು. ಆ ಸಂಕಟದ ನಡುವೆಯೂ ದಾರಿಯುದ್ದಕ್ಕೆ ಎಲ್ಲಿಂದಲೋ ತೆಳುವಾಗಿ ಗಂಧದ ಪರಿಮಳ ಬರುತ್ತಿತ್ತು. ಹೂವಿಲ್ಲ, ಗುಡಿಯಿಲ್ಲ, ಬರೀ ರಸ್ತೆ. ಆದರೂ ಪರಿಮಳ! ಗಂಡ ನಂಬದಿದ್ದರೇನು, ದೇವರು ನನ್ನ ಜೊತೆಯಲ್ಲೇ ಇದ್ದಾನೆ ಎಂದು ಕಣ್ಣು ತುಂಬಿ ಬಂತು.

ಆ ದಿನ ಮಂಡಳಿಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತರು. ನಾನೂ ಕೂತೆ. ಕೂತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಎದ್ದೆ. ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಾಗೆಂದು ಹದಿಮೂರು ಮಂದಿ ಹೆಂಗಸರ ಎದುರು ಕಾರಣ ಹೇಳುವುದು ಹೇಗೆ? ಕಣ್ಣು ಮುಚ್ಚಿ ನಿಂತು ತಾಳ ಹಾಕಿದೆ. ಒಂದು ಗಂಟೆ! ನಮ್ಮ ಅಧ್ಯಕ್ಷೆ ನೀಲಾವತಿಯಕ್ಕ ನನ್ನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಗೌರವವಿತ್ತು. ನನಗೆ ಭಯವಾಯಿತು.

ಎರಡನೆಯ ಶುಕ್ರವಾರ ಅದೇ ಉರಿ. "ಇಂಜಿನಿನ ಬಿಸಿ. ದೊಡ್ಡ ಗಾಡಿ ಅಲ್ವಾ?" ಎಂದರು ಇವರು.

"ಇಂಜಿನ್ ಇರುವುದು ನಿಮ್ಮ ಕಾಲಡಿ. ನನ್ನ ಅಡಿಯಲ್ಲಿ ಅಲ್ಲ! ಆ ಬಿಸಿ ಮಾಡುವ ಸ್ವಿಚ್ ಆನ್ ಆಗಿರಬೇಕು."

"ಸ್ವಿಚ್ ಆಫ್ ಉಂಟು. ಕಾಣು." ಹ್ಯಾಂಡಲಿನ ಹತ್ತಿರದ ಸ್ವಿಚ್ಚನ್ನು ತೋರಿಸಿದರು. ಅದು ನಿಜವಾಗಿಯೂ ಆಫ್ ಇತ್ತು. ನಾನು ಮತ್ತೆ ನಿಂತು ಭಜನೆ ಮಾಡಿದೆ.

ಮೂರನೆಯ ಶುಕ್ರವಾರ ನಾನು ಬುದ್ಧಿ ಉಪಯೋಗಿಸಿದೆ. ನಮ್ಮಲ್ಲಿ ತೋಟದಲ್ಲಿ ಕೂರುವುದಕ್ಕೆ ಅಡಿಕೆಯ ಹಾಳೆಗಿಂತ ಒಳ್ಳೆಯ ಆಸನವಿಲ್ಲ. ನೀರು ತಾಗುವುದಿಲ್ಲ, ಥಂಡಿ ತಾಗುವುದಿಲ್ಲ. ಬಿಸಿ ಮಾತ್ರ ತಾಗೀತೇ? ಒಂದು ಅಗಲದ ಹಾಳೆ ಹಾಸಿ ಕೂತೆ. ಬಿಸಿ ತಾಗಲಿಲ್ಲ, ಸತ್ಯ. ಆದರೆ ರಸ್ತೆಯ ಮೊದಲನೆಯ ಹಂಪಿನಲ್ಲಿ ಹಾಳೆ ಜಾರಿತು. ಹಾಳೆಯ ಮೇಲೆ ನಾನಿದ್ದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದ ನಾಲ್ಕು ಮಂದಿಯ ಎದುರು ನಾನು ಹಾಳೆಸಮೇತ ರಸ್ತೆಯ ಬದಿಯ ಹುಲ್ಲಿನ ಮೇಲೆ ಸುಖಾಸೀನಳಾದೆ. ಪೆಟ್ಟಾಗಲಿಲ್ಲ. ಹಾಳೆಯಲ್ಲಿ ಕೂರಿಸಿ ಎಳೆದಾಡುವ ಆಟವನ್ನು ಚಿಕ್ಕಂದಿನಲ್ಲಿ ಆಡಿದ್ದು ಉಪಯೋಗಕ್ಕೆ ಬಂತು. ಇವರು ಅರ್ಧ ಫರ್ಲಾಂಗು ಮುಂದೆ ಹೋದ ಮೇಲೆ ಗಾಡಿ ಹಗುರವಾದದ್ದು ತಿಳಿದು ವಾಪಸು ಬಂದರು.

"ಎಂತ ಅವಸ್ಥೆ ಇದು? ಹಾಳೆ ಎಂತಕ್ಕೆ?"

"ಸೀಟು ಬಿಸಿ ಅಂತ ಮೂರು ವಾರದಿಂದ ಬೊಬ್ಬೆ ಹಾಕ್ತಾ ಇದ್ದೇನೆ!"

ಆಗ ಇವರು ಸ್ವರ ತಗ್ಗಿಸಿ, ಬಹಳ ಕರುಣೆಯಿಂದ ಹೇಳಿದರು. "ಮೊಬೈಲಿನಲ್ಲಿ ಬಂದಿತ್ತು. ಈ ಪ್ರಾಯದಲ್ಲಿ ಹೆಂಗಸರಿಗೆ ಮೈ ಬಿಸಿ ಆಗ್ತದಂತೆ. ಡಾಕ್ಟ್ರಿಗೆ ತೋರಿಸುವ."

ಓದುಗರೇ, ನಾನು ಶಾಂತಸ್ವಭಾವದವಳು. ಇರುವೆಯನ್ನೂ ದಾಟಿ ಹೋಗುವವಳು. ಆದರೆ ಆ ದಿನ ಬಸ್ ಸ್ಟಾಪಿನ ನಾಲ್ವರೂ ಕೇಳುವಂತೆ ಹೇಳಿದೆ: "ಪ್ರಾಯದ ಬಿಸಿ ಇಡೀ ಮೈಗೆ ಬರ್ತದೆ. ಸೀಟಿನ ಅಳತೆಗೆ ಸರಿಯಾಗಿ ಚೌಕದಲ್ಲಿ ಬರುದಿಲ್ಲ!"

ಅಂದು ಮಂಡಳಿಯಲ್ಲಿ ಮೂರನೆಯ ಬಾರಿ ನಿಂತೇ ಹಾಡಿದೆ. ಮಂಗಳಾರತಿ ಆದದ್ದೇ ತಡ, ನೀಲಾವತಿಯಕ್ಕ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಮುಂದಿನ ಶನಿವಾರ ನರಿಮೊಗರಿನ ಭಜನಾ ಮಂದಿರದಲ್ಲಿ ಒಂದು ಹಗಲು ಒಂದು ರಾತ್ರಿ ನಿಲ್ಲದ ಏಕಾಹ ಭಜನೆ. ಒಂದೊಂದು ಮಂಡಳಿಗೆ ಒಂದೊಂದು ಗಂಟೆ. ನಮ್ಮದು ಮಧ್ಯಾಹ್ನ ಮೂರರಿಂದ ನಾಲ್ಕು.

"ಎಲ್ಲರೂ ಕೇಳಿ. ಮೂರು ವಾರದಿಂದ ನಾನು ಕಾಣ್ತಾ ಇದ್ದೇನೆ. ಶರ್ಮಿಳಾ ದೇವರ ಎದುರು ಕೂರುದೇ ಇಲ್ಲ! ಒಬ್ಬರಿಗೂ ಹೇಳದೆ ವ್ರತ ಹಿಡಿದಿದ್ದಾಳೆ. ಭಕ್ತಿ ಅಂದ್ರೆ ಅದು. ನರಿಮೊಗರಿನಲ್ಲಿ ನಮ್ಮ ಮಂಡಳಿ ಪೂರ್ತಿ ನಿಂತೇ ಭಜನೆ ಮಾಡುದು!"

ಹದಿಮೂರು ಮಂದಿಯಲ್ಲಿ ಏಳು ಮಂದಿಗೆ ಮಂಡಿನೋವು. ಇಬ್ಬರಿಗೆ ಉಬ್ಬಿದ ನರ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಹದಿಮೂರು ಜೊತೆ ಕಣ್ಣುಗಳಿಂದ ಬಂದ ಶಾಖಕ್ಕೆ ಹೋಲಿಸಿದರೆ ಬೈಕಿನ ಸೀಟು ಎಷ್ಟೋ ತಂಪು!

ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ತಪ್ಪು ಅಲ್ಲಿದೆ, ಒಪ್ಪುತ್ತೇನೆ. ಆದರೆ ಏನೆಂದು ಹೇಳಲಿ? ಇದು ವ್ರತವಲ್ಲ, ಸುಟ್ಟದ್ದು ಎಂದೇ? ಕೆಲವು ಮಠಗಳಲ್ಲಿ ತಪ್ತಮುದ್ರಾಧಾರಣೆ ಎಂದು ಮುದ್ರೆ ಕಾಯಿಸಿ ತೋಳಿಗೆ ಒತ್ತುವುದನ್ನು ಕೇಳಿದ್ದೇನೆ. ನನ್ನದು ತಪ್ತಪೀಠಾರೋಹಣ! ಅದನ್ನು ಯಾವ ಶಾಸ್ತ್ರದಲ್ಲಿ ಸೇರಿಸಲಿ? ದಾರಿ ಒಂದೇ. ಶನಿವಾರದೊಳಗೆ ಆ ಸೀಟು ತಣ್ಣಗಾಗಬೇಕು. ನರಿಮೊಗರಿನಲ್ಲಿ ನಾನು ಎಲ್ಲರಿಗಿಂತ ಮೊದಲು ಕೂರಬೇಕು. ನಾನು ಕೂತರೆ ಉಳಿದವರ ಮಂಡಿ ಉಳಿಯುತ್ತದೆ.

"ಬಸ್ಸಿನಲ್ಲಿ ಹೋಗು," ಎಂದರು ಇವರು.

"ನೀವು ಬೈಕಿನಲ್ಲಿ ಗಾಳಿ ತಿನ್ತಾ ಬರುದು, ನಾನು ಬಸ್ಸಿನಲ್ಲಿ ಹೋಗುದು. ಆಗ ಸೀಟು ಬಿಸಿ ಇಲ್ಲ ಅಂತ ನೀವು ಹೇಳಿದ್ದೇ ಸತ್ಯ ಆಗ್ತದೆ. ಅಲ್ವಾ?"

ಸೋಮವಾರ ನಾನೇ ಇವರನ್ನು ಕಡಬದ ಅಸ್ಕರನ ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಅಸ್ಕರ್ ಒಳ್ಳೆಯವನು, ಕೆಲಸ ಬಲ್ಲವನು. ಬೈಕು ಹತ್ತಿ ಒಂದು ಸುತ್ತು ಹೋಗಿ ಬಂದು, "ಎಂತ ಬಿಸಿಯೂ ಇಲ್ಲ ಅಕ್ಕ" ಎಂದ. ಇವರು ಮೀಸೆಯಡಿಯಲ್ಲಿ ನಕ್ಕರು.

"ನೀನು ಕೂತದ್ದು ಎಲ್ಲಿ?"

"ಮುಂದೆ."

"ಹಿಂದೆ ಕೂತ್ಕೊ! ಇವರು ಬಿಡ್ಲಿ."

ಇಬ್ಬರು ಗಂಡಸರು ಒಬ್ಬರ ಹಿಂದೊಬ್ಬರು ಹೋದರು. ಹತ್ತು ನಿಮಿಷದಲ್ಲಿ ವಾಪಸು ಬಂದರು. ಗಾಡಿ ನಿಲ್ಲುವ ಮೊದಲೇ ಅಸ್ಕರ್ ಹಾರಿ ಇಳಿದ. ಹಿಂಬದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

"ಯಾ ಅಲ್ಲಾಹ್! ಗೌಡ್ರೇ, ಇದ್ರಲ್ಲಿ ನೀರ್ದೋಸೆ ಹೊಯ್ಯಬಹುದು! ಅಕ್ಕ ಇದ್ರ ಮೇಲೆ ಹೇಗೆ ಕೂತದ್ದು?"

"ಹೌದಾ? ಬಿಸಿ ಉಂಟಾ?" ಎಂದರು ಇವರು, ಕಣ್ಣರಳಿಸಿ. "ಹಾಗಾದ್ರೆ ಎಂತದೋ ಪ್ರಾಬ್ಲಮ್ ಉಂಟು."

ನೋಡಿದಿರಾ! ಮೂರು ವಾರ, ಹೋಗಿ ಬಂದು ಅರವತ್ತು ಕಿಲೋಮೀಟರ್ ನಾನು ಬೆಂದದ್ದು ಪ್ರಾಯದ ದೋಷ. ಅಸ್ಕರ್ ಹತ್ತು ನಿಮಿಷ ಬೆಂದದ್ದು ಗಾಡಿಯ ದೋಷ! ಇಪ್ಪತ್ತಾರು ವರ್ಷ ಇವರ ಜೊತೆ ಸಂಸಾರ ಮಾಡಿದ ನನ್ನ ಬಾಯಿಗೆ ಇಲ್ಲದ ಬೆಲೆ ಅವನ ಪ್ಯಾಂಟಿಗಿತ್ತು!

ಅಸ್ಕರ್ ಬಗ್ಗಿ ನೋಡಿ ತೋರಿಸಿದ. ಹಿಂದಿನ ಸೀಟಿಗೆ ಬೇರೆಯೇ ಒಂದು ಸ್ವಿಚ್ಚಿತ್ತು. ಸೀಟಿನಡಿ, ಎಡಬದಿಗೆ, ಸೀರೆಯ ನೆರಿಗೆ ಬೀಳುವ ಜಾಗದಲ್ಲಿ. ಮೇಲೆ ಒತ್ತಿದರೆ ಹೆಚ್ಚು ಬಿಸಿ, ಕೆಳಗೆ ಒತ್ತಿದರೆ ಕಡಿಮೆ ಬಿಸಿ, ನಡುವೆ ನಿಂತರೆ ಆಫ್. ಅದು ಮೇಲೆ ಹೋಗಿ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಒತ್ತಿದರೂ ಜಗ್ಗಲಿಲ್ಲ.

"ಸ್ವಿಚ್ ಜಾಮ್. ಬದಲಿಸ್ಬೇಕು. ಬೆಂಗಳೂರಿಂದ ತರಿಸ್ಬೇಕು ಅಕ್ಕ. ಅಷ್ಟರವರೆಗೆ ವಯರ್ ತೆಗೆದಿಡುವ." ಅಸ್ಕರ್ ಒಂದು ತಂತಿ ಎಳೆದ. ಹಿಂದಿನ ಸೀಟು ತಣ್ಣಗಾಯಿತು. ನನ್ನ ಜೀವವೂ ತಣ್ಣಗಾಯಿತು. ಆದರೆ ಇವರು ಮುಂದಿನ ಸ್ವಿಚ್ಚು ಒತ್ತಿ ನೋಡಿದರು. ಅದೂ ಸತ್ತಿತ್ತು. ಲತೀಶ್ ಎರಡಕ್ಕೂ ಒಂದೇ ಲೈನಿನಿಂದ ಕರೆಂಟು ಕೊಟ್ಟಿದ್ದ.

"ಆಗ ನನ್ನ ಸೊಂಟ?"

"ನಿಮ್ಮ ಸೊಂಟ ಬೆಚ್ಚಗಾಗ್ಲಿಕ್ಕೆ ನಾನು ಬೇಯಬೇಕಾ?" ಎಂದೆ.

"ನಾಲ್ಕು ದಿನ ಮಾರಾಯ್ತಿ. ಸಿಕ್ಕಿಸು ಅಸ್ಕರ್." ತಂತಿ ಮತ್ತೆ ಸಿಕ್ಕಿಸಲ್ಪಟ್ಟಿತು! ಅಸ್ಕರ್ ತಲೆ ಕೆರೆದುಕೊಂಡು ಹೇಳಿದ, "ನಾಳೆಯಿಂದ ನನ್ನ ತಂಗಿಯ ಮದುವೆ ಗೌಡ್ರೇ, ಪುತ್ತೂರಲ್ಲಿ. ಭಾನುವಾರದವರೆಗೆ ಗ್ಯಾರೇಜ್ ಬಂದ್. ಅಂಗಡಿಯ ನಂಬರ್ ಕೊಡ್ತೇನೆ."

ಆ ನಂಬರಿನ ಚೀಟಿ ಹಿಡಿದು, ಮರುದಿನ ಬೆಳಿಗ್ಗೆ, ಮೊದಲೇ ಹೇಳಿದ ಆ ಘೋರ ಪ್ರತಿಜ್ಞೆಯನ್ನು ಮಾಡಿದೆ.

ಕಲಿಯದೆ ಬರುವ ವಿದ್ಯೆಯಿಲ್ಲ. ಹೊಲಿಗೆ, ಹಾರ್ಮೋನಿಯಂ, ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು, ಎಲ್ಲವನ್ನೂ ನಾನು ಯಾರೂ ಹೇಳಿಕೊಡದೆ ಕಲಿತವಳು. ಮೊಬೈಲಿನಲ್ಲಿ ಸ್ವಿಚ್ಚು ಬದಲಿಸುವ ಒಂದು ವಿಡಿಯೋ ಸಿಕ್ಕಿತು. ಅದು ಯಾವ ಭಾಷೆಯೋ ದೇವರಿಗೇ ಗೊತ್ತು. ಆದರೆ ತಾಳ್ಮೆಯಿಂದ ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹನ್ನೊಂದು ಸಲ ಕೇಳಿದೆ. ಹನ್ನೊಂದನೆಯ ಸಲ ಎಲ್ಲ ಅರ್ಥವಾದಂತೆ ಅನಿಸಿತು.

ನಂತರ ಬೆಂಗಳೂರಿಗೆ ಫೋನ್ ಮಾಡಿದೆ. ಅಂಗಡಿಯವನು ಬಹಳ ಮರ್ಯಾದೆಯವನು. ಎಲ್ಲ ವಿವರ ಕೇಳಿದ.

"ಮೇಡಂ, ಕೊನೇ ಪ್ರಶ್ನೆ. ವಯರ್ ಜೋಡಿಸೋ ಕನೆಕ್ಟರ್ ನಿಮ್ಮತ್ರ ಇದೆಯಾ?"

"ಇಲ್ಲೆ," ಎಂದೆ.

"ಸರಿ ಮೇಡಂ, ಹಾಗಾದ್ರೆ ಬರೀ ಸ್ವಿಚ್ ಕಳಿಸ್ತೀನಿ."

ಗುರುವಾರ ಪಾರ್ಸೆಲ್ ಬಂತು. ಒಳಗೆ ಬರೀ ಸ್ವಿಚ್ಚು! ತಂತಿಯಿಲ್ಲ, ಕನೆಕ್ಟರಿಲ್ಲ, ಮೂರು ಬೋಳು ಕಾಲು. ನನ್ನ ಪಿತ್ತ ನೆತ್ತಿಗೇರಿತು. ಕೂಡಲೇ ಫೋನ್ ಮಾಡಿದೆ.

"ಕನೆಕ್ಟರ್ ಇಲ್ಲೆ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದ್ದೇನಲ್ಲ!"

"ಹೌದು ಮೇಡಂ. ಇಲ್ಲೇ ಇದೆ ಅಂದ್ರಿ. ಅದಕ್ಕೇ ಕಳಿಸ್ಲಿಲ್ಲ."

ನಾನು ಫೋನ್ ಇಟ್ಟೆ. ನಮ್ಮದು ಮನೆಯಲ್ಲಿ ಅರೆಭಾಷೆ, ಈ ಕಡೆಯ ಗೌಡರ ಮನೆಮಾತು. ಅದರಲ್ಲಿ 'ಇಲ್ಲೆ' ಎಂದರೆ ಇಲ್ಲ. ಬೆಂಗಳೂರಿನವನಿಗೆ 'ಇಲ್ಲೇ' ಎಂದರೆ ನನ್ನ ಕೈಯಲ್ಲೇ ಇದೆ. ಇಲ್ಲದ್ದನ್ನು ಇಲ್ಲೇ ಇದೆ ಎಂದು ಹೇಳುವ ವೇದಾಂತ ನನಗೆ ಅರಿವಿಲ್ಲದೆ ಬಾಯಿಂದ ಬಂದುಬಿಟ್ಟಿತ್ತು!

ಇರಲಿ. ಮರುದಿನ ಏಕಾಹವಿದ್ದುದರಿಂದ ಆ ಶುಕ್ರವಾರ ಭಜನೆಯಿರಲಿಲ್ಲ. ಇವರು ತೋಟಕ್ಕೆ ಹೋದ ಮೇಲೆ ಅಂಗಳದಲ್ಲಿ ಬೈಕಿನ ಪಕ್ಕ ಮಣೆ ಹಾಕಿ ಕೂತೆ. ವಿಡಿಯೋದಲ್ಲಿ ಕಂಡಂತೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಸೀಟು ತೆಗೆದೆ. ಹಳೆಯ ಸ್ವಿಚ್ಚು ಕಣ್ಣಿಗೆ ಬಿತ್ತು. ಅದರ ಸಂದಿಯಲ್ಲಿ ಮಣ್ಣಿನ ಬಣ್ಣದ ಏನೋ ಮೆತ್ತಿಕೊಂಡು ಗಟ್ಟಿಯಾಗಿತ್ತು. ಛೀ! ಲತೀಶ್ ಗಾಡಿಯನ್ನು ಎಷ್ಟು ಕೊಳಕಾಗಿ ಇಟ್ಟುಕೊಂಡಿದ್ದ! ಸಾಕ್ಷಿಗಿರಲಿ ಎಂದು ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ನನ್ನ ಬ್ಯಾಗಿನಲ್ಲಿಟ್ಟೆ.

ಬ್ಯಾಗಿಗೆ ಹಾಕುವ ಮೊದಲು ಅದನ್ನು ಕತ್ತರಿಸಿ ಬಿಡಿಸಬೇಕಿತ್ತಲ್ಲ? ಸ್ವಿಚ್ಚಿನ ಹಿಂದಿನ ಕಪ್ಪು ಕೊಳವೆಯನ್ನು ಒಂದೇ ಏಟಿಗೆ ಕತ್ತರಿಸಿದ್ದೆ. ಒಳಗಿನಿಂದ ಐದು ತಂತಿ ಹೊರಬಂದವು. ಸ್ವಿಚ್ಚಿಗಿರುವುದು ಮೂರು ಕಾಲು. ಐದರಲ್ಲಿ ಮೂರು ಯಾವುದು? ವಿಡಿಯೋದವನ ಗಾಡಿಯಲ್ಲಿ ಮೂರೇ ತಂತಿಯಿತ್ತು. ದೇವರನ್ನು ನೆನೆದು, ಕೆಂಪು ಒಂದು ಮತ್ತು ನೋಡಲು ಚಂದವಿದ್ದ ಇನ್ನೆರಡನ್ನು ಆರಿಸಿ, ಕನೆಕ್ಟರಿಲ್ಲದೆ ಕೈಯಿಂದಲೇ ತಿರುಚಿ ಜೋಡಿಸಿದೆ. ಎರಡು ಉಳಿದವು. "ಉಳಿದದ್ದನ್ನು ಬಿಸಾಡ್ಬಾರದು, ಕಟ್ಟಿಡ್ಬೇಕು, ಒಂದು ದಿನ ಉಪಯೋಗಕ್ಕೆ ಬರ್ತದೆ" ಎಂದು ನನ್ನ ಅತ್ತೆ ಹೇಳುತ್ತಿದ್ದರು. ಟೇಪು ಸುತ್ತಿ ಕಟ್ಟಿಟ್ಟೆ.

ಬ್ಯಾಟರಿ ಜೋಡಿಸಿ ಗಾಡಿ ಸ್ಟಾರ್ಟ್ ಮಾಡಿದೆ. ಹಿಂದಿನ ಸೀಟಿನ ಮೇಲೆ ಕೈಯಿಟ್ಟು ಸ್ವಿಚ್ಚನ್ನು ಮೇಲೆ ಒತ್ತಿದೆ, ಕೆಳಗೆ ಒತ್ತಿದೆ, ಪುನಃ ಮೇಲೆ ಒತ್ತಿದೆ. ಐದು ನಿಮಿಷ, ಹತ್ತು ನಿಮಿಷ. ಬಾವಿಯ ಕಟ್ಟೆಯಂತೆ ತಣ್ಣಗೆ! ಆನಂದಬಾಷ್ಪ ಬಂತು. ಎಲ್ಲಿ ಒತ್ತಿದರೂ ತಣ್ಣಗಿರುವ ಸ್ವಿಚ್ಚಿಗಿಂತ ಒಳ್ಳೆಯ ಸ್ವಿಚ್ಚು ಇನ್ನೇನಿದೆ?

ಶನಿವಾರ ಊಟ ಮುಗಿಸಿ ಒಂದೂವರೆಗೆ ಹೊರಟೆವು. ನಾನು ಮಹಾರಾಣಿಯಂತೆ ಹಿಂದೆ ಕೂತೆ. ಸೀಟು ತಂಪು. ಗಾಳಿ ತಂಪು. ಆಲಂಕಾರು ದಾಟುವಾಗ ಇವರು ಕೂತಲ್ಲೇ ಒಮ್ಮೆ ಅಲುಗಾಡಿದರು. ಶಾಂತಿಮೊಗರಿನ ಸೇತುವೆಯ ಮೇಲೆ ಎಡಕ್ಕೆ ವಾಲಿದರು. ಸೇತುವೆ ಮುಗಿಯುವಾಗ ಬಲಕ್ಕೆ ವಾಲಿದರು.

"ಕೇಳಿತಾ? ಸೀಟು ಬಿಸಿ ಆಗ್ತಾ ಉಂಟಲ್ಲ?"

ನನ್ನ ಕಿವಿಗೆ ಇದಕ್ಕಿಂತ ಇಂಪಾದ ಮಾತು ಇಪ್ಪತ್ತಾರು ವರ್ಷದಲ್ಲಿ ಬಿದ್ದಿರಲಿಲ್ಲ. "ಬಿಸಿಲು," ಎಂದೆ.

"ಎಂತ ಬಿಸಿಲು! ನಾನು ಅದರ ಮೇಲೆಯೇ ಕೂತಿದ್ದೇನೆ. ಬಿಸಿಲು ಒಳಗೆ ಹೋಗುದು ಹೇಗೆ?"

"ಹಾಗಾದ್ರೆ ಇಂಜಿನ್. ದೊಡ್ಡ ಗಾಡಿ ಅಲ್ವಾ?"

"ಸ್ವಿಚ್ ಆಫ್ ಉಂಟು ಮಾರಾಯ್ತಿ! ನಾನು ಮುಟ್ಟಲೇ ಇಲ್ಲ!"

ಸವಣೂರಿಗೆ ಬರುವಾಗ ಇವರು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಗಾಡಿ ಬಿಡುತ್ತಿದ್ದರು. ನಾನು ಮೆಲ್ಲಗೆ, ಬಹಳ ಕರುಣೆಯಿಂದ ಹೇಳಿದೆ. "ಪ್ರಾಯ ಮಾರಾಯ್ರೆ. ಈ ಪ್ರಾಯದಲ್ಲಿ ಗಂಡಸರಿಗೂ ಆಗ್ತದೆ. ಡಾಕ್ಟ್ರಿಗೆ ತೋರಿಸುವ."

ಇನ್ನೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸವಣೂರು ಕಳೆದ ಮೇಲೆ, ಇದು ನಾನು ಹಾಕಿದ ಸ್ವಿಚ್ಚಿನದೇ ಕೆಲಸವಿರಬಹುದೇ ಎಂಬ ಸಂಶಯ ನನಗೆ ಬಂತು. ಸೀ­ರೆಯಡಿಯಿಂದ ಕೈ ಅದರ ಹತ್ತಿರ ಹೋಯಿತು. ಬೆರಳು ಅದರ ಮೇಲೆ ನಿಂತಿತು. ಆಗ ಮೂರು ಶುಕ್ರವಾರಗಳು ಕಣ್ಣ ಮುಂದೆ ಬಂದವು. ಹಾಳೆ ಬಂತು. ಬಸ್ ಸ್ಟಾಪಿನ ನಾಲ್ಕು ಮಂದಿ ಬಂದರು. ಬೆರಳು ತಾನಾಗಿಯೇ ವಾಪಸು ಬಂತು. ದೇವರೇ, ಆ ಬೆರಳು ನನ್ನದೇ. ಶಿಕ್ಷೆ ಅದಕ್ಕೆ ಕೊಡು.

ನರಿಮೊಗರಿನ ಮಂದಿರದಲ್ಲಿ ನಾನು ಎಲ್ಲರಿಗಿಂತ ಮುಂದೆ ಹೋಗಿ, ಚಾಪೆಯ ಮೇಲೆ, ಕಾಲು ಮಡಚಿ, ನಿಶ್ಚಿಂತೆಯಿಂದ ಕೂತೆ. ನೀಲಾವತಿಯಕ್ಕನ ಬಾಯಿ ತೆರೆದೇ ಉಳಿಯಿತು.

"ಎಂತ ಶರ್ಮಿಳಾ, ಕೂತದ್ದು? ವ್ರತ?"

"ಮುಗಿಯಿತು ಅಕ್ಕ. ಇನ್ನು ಕೂತೇ ಹಾಡ್ಬೇಕು ಅಂತ ಮನಸ್ಸಿಗೆ ಬಂತು."

ಅವರು ಮುಂದೆ ಮಾತಾಡುವ ಮೊದಲೇ ಹನ್ನೆರಡು ಹೆಂಗಸರು ಒಟ್ಟಿಗೆ ಧೊಪ್ಪನೆ ಕೂತರು. ಆ ಸದ್ದಿನಲ್ಲಿದ್ದ ಭಕ್ತಿಯನ್ನು ನಾನು ಯಾವ ಭಜನೆಯಲ್ಲೂ ಕೇಳಿಲ್ಲ. ಒಂದು ಗಂಟೆ ಹಾಡಿದೆವು. ನಡುವೆ ನೀಲಾವತಿಯಕ್ಕ ನನ್ನ ತೋಳು ತಿವಿದು, ಹಿಂದೆ ನೋಡುವಂತೆ ಕಣ್ಸನ್ನೆ ಮಾಡಿದರು. ಮಂದಿರದ ಕಂಬದ ಹತ್ತಿರ ಇವರು ನಿಂತಿದ್ದರು. ಸುತ್ತಲೂ ಖಾಲಿ ಕುರ್ಚಿಗಳಿದ್ದವು. ಸ್ವಯಂಸೇವಕರು ಎರಡು ಸಲ ಬಂದು, "ಕೂತ್ಕೊಳ್ಳಿ ಗೌಡ್ರೇ" ಎಂದರೂ ಇವರು ಕೈಮುಗಿದು ತಲೆಯಾಡಿಸಿದರು. ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು.

"ನಿನ್ನ ವ್ರತ ಗೌಡ್ರು ಹಿಡಿದದ್ದಾ? ಪುಣ್ಯ ಮಾಡಿದ್ದಿ ನೀನು!" ನೀಲಾವತಿಯಕ್ಕನ ಕಣ್ಣು ಒದ್ದೆಯಾಗಿತ್ತು.

ವಾಪಸು ಬರುವಾಗ ನಾನು ಬಸ್ಸಿನಲ್ಲಿ ಬಂದೆ. ಇವರು ಬೈಕನ್ನು ನಿಂತೇ ಬಿಟ್ಟುಕೊಂಡು ಬಂದರು.

ಸೋಮವಾರ ಅಸ್ಕರನ ಗ್ಯಾರೇಜಿಗೆ ನಾನು ಹೋದ ಗತ್ತನ್ನು ನೀವು ನೋಡಬೇಕಿತ್ತು. ಅಸ್ಕರ್ ಸೀಟು ಬಿಚ್ಚಿ, ನನ್ನ ಕೆಲಸವನ್ನು ನೋಡಿ, ಒಂದೊಂದು ತಂತಿಯನ್ನೂ ಬೆರಳಿನಲ್ಲಿ ಹಿಡಿದು ಎಲ್ಲಿಗೆ ಹೋಗುತ್ತದೆಂದು ಹುಡುಕಿದ.

"ಅಕ್ಕ, ಜಾಯಿಂಟ್ ಒಳ್ಳೆ ಗಟ್ಟಿ ಉಂಟು. ಆದ್ರೆ ಈ ಕೊಳವೆಯಲ್ಲಿ ಮುಂದಿನ ಸೀಟಿನ ವಯರೂ ಬರ್ತದೆ. ನೀವು ಹಿಂದಿನ ಸ್ವಿಚ್ಚಿಗೆ ಮುಂದಿನ ಸೀಟು ಕೊಟ್ಟಿದ್ದೀರಿ."

ಇವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಬಿಡಲಿಲ್ಲ. ತಪ್ಪು ಮಾಡಿದವರು ಯಾರು, ಮೊದಲು ಅದಾಗಲಿ!

"ನನ್ನನ್ನು ಎಂತಕ್ಕೆ ನೋಡುದು? ಮೊದಲಿನ ಸ್ವಿಚ್ ಸರಿ ಇದ್ದಿದ್ರೆ ನಾನು ಕೈ ಹಾಕ್ತಿದ್ದೆನಾ? ಇದನ್ನು ಮಾಡಿದವನ ಮೇಲೆ ಕೇಸು ಹಾಕ್ಬೇಕು! ಆ ಲತೀಶನನ್ನು ಕರೆದು ಕೇಳ್ಬೇಕು. ಒಳಗೆ ಎಂತೆಂತ ಕಸ ತುಂಬಿಸಿದ್ದಾನೋ ಮಹಾರಾಯ!" ಎಂದು ಗುಡುಗಿ, ಬ್ಯಾಗಿನಿಂದ ಸಾಕ್ಷಿಯ ತೊಟ್ಟೆ ತೆಗೆದು ಅಸ್ಕರನ ಎದುರಿಟ್ಟೆ.

ಅಸ್ಕರ್ ಹಳೆಯ ಸ್ವಿಚ್ಚನ್ನು ಚೂಪಾದ ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಿದ. ಮೂಗಿನ ಹತ್ತಿರ ಹಿಡಿದ. ಪುನಃ ಹಿಡಿದ.

"ಅಕ್ಕ, ಒಳ್ಳೆ ಪರಿಮಳ ಉಂಟು."

ಆ ಪರಿಮಳ ನನಗೆ ಗೊತ್ತಿತ್ತು. ಮೂರು ಶುಕ್ರವಾರ ನನ್ನ ಕಣ್ಣು ತುಂಬಿಸಿದ್ದ ಪರಿಮಳ!

"ಇದು ಕಸ ಅಲ್ಲ ಅಕ್ಕ. ಗಂಧ. ಒಣಗಿ ಸಿಮೆಂಟಿನ ಹಾಗೆ ಆಗಿದೆ. ಇದು ಕುಂಕುಮ. ಮತ್ತೆ ಇಗೊಳ್ಳಿ, ಸ್ವಿಚ್ಚನ್ನು ಮೇಲೆ ಒತ್ತಿ ಹಿಡಿದದ್ದು ಇದು." ಅವನ ಅಂಗೈಯಲ್ಲಿ ಒಂದೇ ಒಂದು ಅಕ್ಕಿಕಾಳು. ಅರಶಿನ ಹಚ್ಚಿದ್ದು. ಮೂರು ವಾರದ ಶಾಖಕ್ಕೆ ಹದವಾಗಿ ಹುರಿದು ಕೆಂಪಗಾಗಿತ್ತು.

ಸಂದಿ ಕೆರೆದು, ಒಂದು ಹನಿ ಎಣ್ಣೆ ಬಿಟ್ಟು ಒತ್ತಿದ. ಟಿಕ್. ಟಿಕ್. ಟಿಕ್. ಸ್ವಿಚ್ಚು ಹೊಸತರಂತೆ ಓಡಾಡಿತು. "ಇದಕ್ಕೆ ಎಂತದೂ ಆಗ್ಲಿಲ್ಲ. ಪೂಜೆ ಸ್ವಲ್ಪ ಹೆಚ್ಚಾದದ್ದು."

ಈಗ ಇವರು ಬೈಯುತ್ತಾರೆ ಎಂದು ಕಾದೆ. ಎರಡು ಕ್ವಿಂಟಾಲ್ ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಇವರು ಬೈಯಲಿಲ್ಲ. ಅಸ್ಕರನ ಅಂಗೈಯಿಂದ ಆ ಅಕ್ಕಿಕಾಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಚಪ್ಪಲಿ ಕಳಚಿ, ಗಂಭೀರವಾಗಿ ನನ್ನ ಎದುರು ಬಂದು ನಿಂತು, ಅದನ್ನು ನನ್ನ ತಲೆಯ ಮೇಲೆ ಹಾಕಿದರು.

"ದೀರ್ಘಸುಮಂಗಲೀ ಭವ. ನೀನು ಹಾಕಿದ್ದೇ ಮಾರಾಯ್ತಿ, ಬೆಚ್ಚಗೆ ಮಾಡಿ ವಾಪಸು ಕೊಟ್ಟಿದೆ."

ನಾನು ತಲೆ ತಗ್ಗಿಸಿದೆ. ಅಕ್ಷತೆ ಹಾಕುವಾಗ ತಲೆ ತಗ್ಗಿಸಲೇಬೇಕಲ್ಲ!